ದಂಡು ಬಂದ ದಾರಿ, ಎತ್ತು ಸತ್ತ ದಾರಿ

ದೀಪಾಂಜಲಿ ನಗರದಲ್ಲಿ ಕೂಲಿಕಾರರ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುವ ಗೆಳೆಯರೊಬ್ಬರು ಮೊನ್ನೆ ಒಂದು ಪೀಕಲಾಟ ಹೊತ್ತು ತಂದರು. ಮಕ್ಕಳಿಗೆ ಒಂದು ಸಾಹಸದ ಕಥೆ ಓದಿ ಹೇಳಿದರಂತೆ. ಆಸ್ಟ್ರೇಲಿಯಾ ಖಂಡವನ್ನು ಈ ತುದಿಯಿಂದ ಆ ತುದಿಗೆ ದಾಟಲು ಹೊರಟು ಹಸಿವಿನಿಂದ ಸತ್ತ ಬರ್ಕ್ ಮತ್ತು ವಿಲ್ಸ್ ಅನ್ನುವ ಇಬ್ಬರು ಬಿಳಿಯರ ಕಥೆ. ಯಾರೂ ಕಾಣದ ಖಂಡ, ನಕ್ಷೆಯೇ ಇಲ್ಲದ ನಾಡು ಅಂತೆಲ್ಲ ಹೇಳಿ, ಕೊನೆಗೆ ಅಲ್ಲಿನ ಜನ ಇವರಿಗೆ ಮೀನು ತಂದುಕೊಟ್ಟ ಜಾಗಕ್ಕೆ ಬಂದಾಗ ಮಳವಳ್ಳಿ ಕಡೆಯ ಗಾರೆ ಕೆಲಸದವರ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳಂತೆ: "ಯಾರೂ ಕಾಣದ ಜಾಗ ಅಂದ್ರಿ. ಮತ್ತೆ ಮೀನು ಕೊಟ್ಟೋರು ಯಾರು ಸಾ?"

ಗೆಳೆಯರಿಗೆ ಉತ್ತರ ಹೊಳೆಯಲಿಲ್ಲ. ನನಗೂ ತಕ್ಷಣಕ್ಕೆ ಹೊಳೆಯಲಿಲ್ಲ. ಆಮೇಲೆ ಅನ್ನಿಸಿತು, ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗುವ ಮೊದಲು ಆ ಹುಡುಗಿಯ ಊರಿಗೇ ಒಂದು ಸಲ ಹೋಗಿಬರಬೇಕು. ಅವಳ ಮಳವಳ್ಳಿ ಸೀಮೆಯ ಮೇಲೇ 1791ರ ಮೇ ತಿಂಗಳಲ್ಲಿ ಒಂದು ದೊಡ್ಡ ದಂಡು ಹಾದುಹೋಯಿತು. ಹೋದದ್ದು ಶ್ರೀರಂಗಪಟ್ಟಣ ಹಿಡಿಯುವುದಕ್ಕೆ. ಹಿಡಿಯದೆ, ತನ್ನ ತೋಪುಗಳನ್ನು ತಾನೇ ಒಡೆದು, ಎತ್ತುಗಳ ಹೆಣ ದಾರಿಯುದ್ದಕ್ಕೂ ಬಿಟ್ಟು ವಾಪಸ್ಸು ಬಂತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಮೂರನೆಯ ಮೈಸೂರು ಯುದ್ಧ ಅಂತ ಒಂದು ತಲೆಬರಹ ಇರುತ್ತದೆ. ಬೆಂಗಳೂರು ಕೋಟೆ ಬಿತ್ತು, ಆಮೇಲೆ ಒಪ್ಪಂದ ಆಯಿತು, ಅಲ್ಲಿಗೆ ಮುಗಿಯಿತು. ನಡುವಿನ ಈ ಹಸಿದ ತಿಂಗಳು ಹೆಚ್ಚಿನ ಪುಸ್ತಕಗಳಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ಹೇಳಬೇಕಾದದ್ದು ಅದನ್ನೇ.

ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಲ್ಲಿ ನಿಂತು ಕೆಳಗಿನ ರಸ್ತೆ ನೋಡಿ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಶ್ರೀರಂಗಪಟ್ಟಣಕ್ಕೆ ನೇರ ದಾರಿ ಇದೇ. ಹಬ್ಬಕ್ಕೆ, ಸಾವಿಗೆ, ಓಟು ಹಾಕುವುದಕ್ಕೆ ಆ ಮಕ್ಕಳ ಅಪ್ಪ ಅಮ್ಮ ಬಸ್ಸು ಹತ್ತುವುದೂ ಇದೇ ದಾರಿಯಲ್ಲಿ. ಆದರೆ 1791ರಲ್ಲಿ ಆ ದಂಡು ಈ ದಾರಿ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಅನ್ನುವುದರಿಂದ ಕಥೆ ಶುರು ಮಾಡಬಹುದು.

ದಂಡಿನ ಯಜಮಾನ ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ತನ್ನ ಪಡೆಯೆಲ್ಲವನ್ನೂ ಒಪ್ಪಿಸಿ ಶರಣಾದವನು ಇವನೇ. 1793ರಲ್ಲಿ ಬಂಗಾಳದ ಜಮೀನ್ದಾರಿಯನ್ನು ಕಾಯಂ ಮಾಡಿ ಉಳುವವನ ಕುತ್ತಿಗೆಗೆ ಹಗ್ಗ ಬಿಗಿದವನೂ ಇವನೇ. ಈ ಎರಡರ ನಡುವೆ ನಮ್ಮ ಮೇಲೆ ಬಂದ. 1791ರ ಮಾರ್ಚ್ 7ಕ್ಕೆ ಬೆಂಗಳೂರಿನ ಪೇಟೆ, 21ರ ರಾತ್ರಿ ಕೋಟೆ ಅವನ ಕೈವಶವಾಯಿತು. ಅಲ್ಲಿಂದ ಉತ್ತರಕ್ಕೆ ಹೋಗಿ ಹೈದರಾಬಾದಿನ ನಿಜಾಮ ಕಳಿಸಿದ ಹತ್ತು ಸಾವಿರದಷ್ಟು ಕುದುರೆ ಸವಾರರನ್ನು ಕೂಡಿಕೊಂಡ. ಈ ಸವಾರರು ಮುಂದೆ ಕಾದಾಡಿದ್ದಕ್ಕಿಂತ ಹುಲ್ಲು ಮೇಯಿಸಿದ್ದೇ ಹೆಚ್ಚು. ಮೇ ತಿಂಗಳ ಮೊದಲ ವಾರ ದಂಡು ಬೆಂಗಳೂರು ಬಿಟ್ಟಿತು. ಮಳೆಗಾಲ ಹಿಡಿಯುವುದರೊಳಗೆ ಶ್ರೀರಂಗಪಟ್ಟಣ ಮುಗಿಸಿಬಿಡಬೇಕು ಅನ್ನುವುದು ಅವನ ಆತುರ. ನೇರ ದಾರಿಯಲ್ಲಿ, ರಾಮಗಿರಿ–ಚನ್ನಪಟ್ಟಣದ ಬೆಟ್ಟಸಾಲಿನಲ್ಲಿ, ಟಿಪ್ಪು ಅಡ್ಡಗಟ್ಟಿ ಕೂತಿದ್ದ. ಅದಕ್ಕೇ ದಂಡು ತೆಂಕಣ ದಿಕ್ಕಿಗೆ ಹೊರಳಿ ಕಾನಕಾನಹಳ್ಳಿ, ಅಂದರೆ ಇವತ್ತಿನ ಕನಕಪುರದ ಹಾದಿ ಹಿಡಿಯಿತು. ಕಲ್ಲು, ಕೊರಕಲು, ಕುರುಚಲು ಕಾಡಿನ ಹಾದಿ. ತೋಪಿನ ಬಂಡಿಗೆ ಹೇಳಿಸಿದ್ದಲ್ಲ.

ಆ ಕಾಲದ ಇಂಗ್ಲಿಷರ ನಕ್ಷೆಯಲ್ಲಿ ಕಡಲಂಚು ತುಂಬಿಕೊಂಡಿತ್ತು, ಮೈಸೂರು ಸೀಮೆಯ ಒಳನಾಡು ಬಹುಪಾಲು ಬೋಳಾಗಿತ್ತು. ಹರಕಾರರು ಹೇಳಿದ್ದು, ಸೆರೆಸಿಕ್ಕು ಬಿಡಿಸಿಕೊಂಡು ಬಂದವರು ನೆನಪಿಟ್ಟಿದ್ದು, ಇಷ್ಟರ ಮೇಲೆ ಗೆರೆ ಎಳೆದುಕೊಂಡಿದ್ದರು. ಹಾಗಾದರೆ ಇದು ನಕ್ಷೆಯಿಲ್ಲದ ನಾಡೋ? ಮಕ್ಕಳಿಗೆ ಇಲ್ಲೊಂದು ಚೂರು ನಿಲ್ಲಿಸಿ ಹೇಳಿ.

ನಮ್ಮ ಹಳ್ಳಿಗಳಲ್ಲಿ ಕುಳವಾಡಿ ಅಂತ ಒಬ್ಬನಿದ್ದ. ಊರ ಚಾಕರಿಯ ಹೊಲೆಯ. ಕಂದಾಯ ಕೊಡುವ ಕುಳಗಳನ್ನು ಕೂಗಿ ಕರೆಯುವವನು, ಓಲೆ ಒಯ್ಯುವವನು, ಊರಿಗೆ ಬಂದ ಅಧಿಕಾರಿಗೆ ದಾರಿ ತೋರಿಸುವವನು. ಅವನ ವಿಷಯವಾಗಿ ಮೈಸೂರಿನ ಇಂಗ್ಲಿಷ್ ಅಧಿಕಾರಿಗಳೇ ಹತ್ತೊಂಬತ್ತನೇ ಶತಮಾನದಲ್ಲಿ ಬರೆದಿಟ್ಟ ಒಂದು ಸಂಗತಿ ಇದೆ. ಎರಡು ಊರುಗಳಿಗೆ ಎಲ್ಲೆ ಜಗಳ ಬಂದರೆ ಗೌಡನ ಮಾತೂ ನಡೆಯುತ್ತಿರಲಿಲ್ಲ, ಶಾನುಭೋಗನ ಕಡತವೂ ನಡೆಯುತ್ತಿರಲಿಲ್ಲ. ಕುಳವಾಡಿಯನ್ನು ಕರೆಸುತ್ತಿದ್ದರು. ಅವನು ಊರ ಮಣ್ಣಿನ ಉಂಡೆಯೊಂದನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ತಪ್ಪಿ ಹೆಜ್ಜೆ ಆಚೆ ಇಟ್ಟರೆ ಉಂಡೆ ಒಡೆದು ಚೂರಾಗುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಮನೆ ಹಾಳುಬೀಳುತ್ತದೆ ಅಂತ ನಂಬಿಕೆ. ಯಾವ ಹುಣಸೆಮರದಿಂದ ಯಾವ ಬಂಡೆಗೆ, ಯಾವ ಕೆರೆಕೋಡಿಯಿಂದ ಯಾವ ಹುತ್ತಕ್ಕೆ, ಅಷ್ಟೂ ಅವನ ಅಂಗಾಲಿನಲ್ಲಿತ್ತು. ಆ ಎಲ್ಲೆಯೊಳಗೆ ಅವನದು ಅಂತ ಎಷ್ಟು ನೆಲ ಇತ್ತು ಅಂತ ಕೇಳಬೇಡಿ. ಊರ ಬಾವಿಗೆ ಬಗ್ಗುವ ಹಾಗಿರಲಿಲ್ಲ. ಊರ ಎಲ್ಲೆಗೆ ಮಾತ್ರ ಅವನ ತಲೆಯೇ ಆಗಬೇಕಿತ್ತು. ನಕ್ಷೆ ಇರಲಿಲ್ಲ ಅನ್ನುವುದು ಸುಳ್ಳು. ನಕ್ಷೆ ಕಾಗದದ ಮೇಲೆ ಇರಲಿಲ್ಲ, ಅಷ್ಟೇ. ಕಾಗದದ ಮೇಲೆ ಇಲ್ಲದ್ದನ್ನೆಲ್ಲ ಇಲ್ಲವೇ ಇಲ್ಲ ಅನ್ನುವುದು ಓದಿದವರ ಹಳೆಯ ಚಾಳಿ.

ಇನ್ನು ದಂಡು ಅಂದರೆ ಏನು ಅಂತಲೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಸಿನಿಮಾ ನೋಡಿದ ಮಗು ದಂಡು ಅಂದರೆ ಕತ್ತಿ ಹಿರಿದ ಸಾಲು ಅಂದುಕೊಂಡಿರುತ್ತದೆ. ಅಲ್ಲ. ಅದೊಂದು ನಡೆಯುವ ಊರು. ಕಾದಾಡುವ ಸಿಪಾಯಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಅವರ ಹಿಂದೆ. ಡೋಲಿ ಹೊರುವ ಬೋಯಿಗಳು, ತೊಗಲಿನ ಪಖಾಲಿಯಲ್ಲಿ ನೀರು ಹೊರುವವರು, ಹುಲ್ಲು ಕೊಯ್ಯುವವರು, ಕುದುರೆ ತೊಳೆಯುವವರು, ಗುಡಾರ ಎಬ್ಬಿಸುವ ಲಸ್ಕರರು, ಎತ್ತು ಹೊಡೆಯುವವರು, ಅಡಿಗೆಯವರು, ಬಟ್ಟೆ ಒಗೆಯುವವರು, ಬಜಾರಿನವರು, ಇವರೆಲ್ಲರ ಹೆಂಡತಿ ಮಕ್ಕಳು. ಎತ್ತಿನ ಕೊರಳ ಪಟ್ಟಿ, ಮಿಣಿ, ಕುದುರೆ ಜೀನು, ಸಿಪಾಯಿಯ ಮೆಟ್ಟು, ನೀರಿನ ಪಖಾಲಿ ಎಲ್ಲವೂ ತೊಗಲು. ತೊಗಲು ಹದ ಮಾಡುವ ಕೈ ಇಲ್ಲದೆ ಯಾವ ಲಾರ್ಡೂ ಹತ್ತು ಹರದಾರಿ ಹೋಗಲಾರ. ಯುದ್ಧದ ಚರಿತ್ರೆಗಳಲ್ಲಿ ಇವರಿಗೆಲ್ಲ ಸೇರಿಸಿ ಒಂದೇ ಹೆಸರು, ಹಿಂಬಾಲಕರು. ಹಿಂದೆ ಬಂದವರು! ಹೊತ್ತು ತಂದವರು ಅನ್ನಬೇಕಿತ್ತು.

ಮನುಷ್ಯರಾದ ಮೇಲೆ ಎತ್ತು. ಶ್ರೀರಂಗಪಟ್ಟಣದ ಗೋಡೆ ಒಡೆಯುವ ಭಾರಿ ತೋಪುಗಳನ್ನೂ ಗುಂಡುಗಳನ್ನೂ ಮದ್ದನ್ನೂ ಅಕ್ಕಿಯನ್ನೂ ಎಳೆಯಬೇಕಾದದ್ದು ಎತ್ತು. ಎತ್ತಿಗೆ ದಿನಾ ಹುಲ್ಲು ಬೇಕು, ನೀರು ಬೇಕು, ಮೆಲುಕು ಹಾಕುವುದಕ್ಕೆ ಹೊತ್ತು ಬೇಕು. ಇದು ದನ ಕಾಯುವ ಹುಡುಗನಿಗೆ ಗೊತ್ತು, ಲಾರ್ಡಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಎತ್ತುಗಳು ಗುತ್ತಿಗೆದಾರರಿಂದ ಬಾಡಿಗೆಗೆ ಬಂದವು, ಬಹುಪಾಲು ಘಟ್ಟದ ಕೆಳಗಿನ ಕರ್ನಾಟಿಕ್ ಸೀಮೆಯವು. ಬೆಂಗಳೂರು ಬಿಡುವಾಗಲೇ ಬಡಕಲಾಗಿದ್ದವು.

ಟಿಪ್ಪುವಿನ ಕಡೆ ಬೇರೆಯೇ ಲೆಕ್ಕ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಹೆಸರು ಹಾಲು ಬೆಣ್ಣೆಯದು, ಕೆಲಸ ತೋಪು ಎಳೆಯುವುದು. ನಾಡಿನ ಉದ್ದಕ್ಕೂ ಕಾವಲುಗಳನ್ನು ಬಿಟ್ಟು, ಮಳೆಗೊಂದು ಕಡೆ ಬಿಸಿಲಿಗೊಂದು ಕಡೆ ಮೇಯಿಸಿ, ಬಯಲಲ್ಲೇ ಬೆಳೆಸಿದ ತಳಿ. ಮಾಟವಾದ ಮೈ, ಉದ್ದ ಕೊಂಬು, ಕುದುರೆಯ ಹಾಗೆ ನಡಿಗೆ. ಹೈದರನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋದದ್ದು ಈ ಎತ್ತುಗಳಿಂದ ಅಂತ ಹೇಳುತ್ತಾರೆ. 1799ರ ನಂತರ ಇಂಗ್ಲಿಷರು ಕೂಡ ಈ ಎತ್ತುಗಳನ್ನು ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಂಡರು. ಇವನ್ನು ಸಾಕಿ, ಪಳಗಿಸಿ, ಕಾವಲಿನಿಂದ ಕಾವಲಿಗೆ ಅಟ್ಟಿದ ದನಗಾಹಿಗಳಲ್ಲಿ ಒಬ್ಬನ ಹೆಸರಾದರೂ ನಮ್ಮ ಮಕ್ಕಳಿಗೆ ಗೊತ್ತೇ? ಅಮೃತ ಮಹಲ್ ಅಂದರೆ ಟಿಪ್ಪು ಅನ್ನುತ್ತಾರೆ. ಟಿಪ್ಪು ಸಗಣಿ ಬಾಚಿದವನಲ್ಲ.

ದಂಡು ಕನಕಪುರದ ದಾರಿ ಹಿಡಿದದ್ದೇ ತಡ, ಮುಂದೆ ಮುಂದೆ ಊರುಗಳು ಖಾಲಿಯಾದವು. ಟಿಪ್ಪುವಿನ ಸವಾರರು ಹುಲ್ಲಿನ ಮೆದೆಗೆ ಬೆಂಕಿ ಇಟ್ಟರು, ಕಾಳು ಹೂತರು ಇಲ್ಲವೆ ಸುಟ್ಟರು, ಜನವನ್ನೂ ದನವನ್ನೂ ಕಾಡಿಗೆ ಅಟ್ಟಿದರು. ಕಾನಕಾನಹಳ್ಳಿಯನ್ನೇ ಟಿಪ್ಪು ಎರಡು ಸಲ ಹಾಳುಗೆಡವಿದ, ಇಂಗ್ಲಿಷರಿಗೆ ನೆರವಾಗಬಾರದು ಅಂತ. ಯುದ್ಧದ ದೃಷ್ಟಿಯಿಂದ ಇದು ದೊಡ್ಡ ಜಾಣತನ, ದಂಡನ್ನು ಕೊಂದದ್ದೇ ಇದು. ಟಿಪ್ಪುವನ್ನು ಕಂಪನಿಗೆ ಬಗ್ಗದ ಧೀರ ಅಂತ ನಾವು ಎದೆ ತಟ್ಟಿ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಬೆಂಕಿ ಬಿದ್ದದ್ದು ಯಾರ ಮೆದೆಗೆ? ಮೇ ತಿಂಗಳು, ಮುಂಗಾರಿನ ಬಾಗಿಲು. ಬಿತ್ತನೆಗೆ ಅಂತ ಕಟ್ಟಿಟ್ಟ ರಾಗಿ, ಉಳುವುದಕ್ಕೆ ಅಂತ ಉಳಿಸಿಕೊಂಡ ಜೋಡೆತ್ತು. ಆ ವರ್ಷ ಮಳವಳ್ಳಿ ಸೀಮೆಯ ಕೇರಿಗಳಲ್ಲಿ ಮಳೆ ಬಿದ್ದ ಮೇಲೆ ಏನು ಬಿತ್ತಿದರು? ದೊರೆಗಳ ಎರಡೂ ಕಡೆಯ ಬರಹಗಾರರು ಇದನ್ನು ಬರೆಯುವ ಗೋಜಿಗೆ ಹೋಗಿಲ್ಲ. ನಮ್ಮವನು ಸುಟ್ಟರೂ ಸುಟ್ಟದ್ದು ಸುಟ್ಟದ್ದೇ ಅಂತ ಮಕ್ಕಳಿಗೆ ಹೇಳುವುದಕ್ಕೆ ಮೇಷ್ಟ್ರುಗಳು ಹಿಂಜರಿಯಬಾರದು. ಹಾಗೆ ಹೇಳಿದ ಮಾತ್ರಕ್ಕೆ ಕಂಪನಿಯವರು ಒಳ್ಳೆಯವರಾಗಿಬಿಡುವುದಿಲ್ಲ.

ಮೇ 13ಕ್ಕೆ ದಂಡು ಕಾವೇರಿ ದಡದ ಅರಕೆರೆ ಮುಟ್ಟಿತು. ಅಲ್ಲಿ ಹೊಳೆ ದಾಟಿ ಆಚೆ ದಡಕ್ಕೆ ಹೋಗುವ ಯೋಜನೆ. ಹೊಳೆ ದಾಟಗೊಡಲಿಲ್ಲ. ಕೃತ್ತಿಕೆ ಮಳೆ ಗುಡುಗು ಸಿಡಿಲು ತರುತ್ತದೆ ಅಂತ ಒಕ್ಕಲು ಮಕ್ಕಳಿಗೆ ಗೊತ್ತು. ಮುಂಗಾರು ಜೂನಿನಲ್ಲಿ ಅಂತ ಪಂಚಾಂಗ ಇಟ್ಟುಕೊಂಡವರಿಗೆ ಗೊತ್ತಿಲ್ಲ. 14ರ ರಾತ್ರಿ ಟಿಪ್ಪುವಿನ ಮೇಲೆ ಸದ್ದಿಲ್ಲದೆ ಬೀಳಬೇಕು ಅಂತ ಹೊರಟರು. ಸಿಡಿಲು ಮಳೆ ಹಿಡಿಯಿತು. ಕತ್ತಲಲ್ಲಿ ತುಕಡಿಗಳು ಒಂದನ್ನೊಂದು ತಪ್ಪಿದವು, ಎತ್ತುಗಳು ಬೆದರಿದವು, ಬೆಳಗಾಗುವ ಹೊತ್ತಿಗೆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. 15ರ ಹಗಲಲ್ಲೇ ಕಾಳಗ ಆಯಿತು. ಇಂಗ್ಲಿಷರು ಗೆದ್ದರು. ಟಿಪ್ಪು ಹಿಮ್ಮೆಟ್ಟಿ ಕೋಟೆಯ ತೋಪುಗಳ ಆಸರೆಗೆ ಸರಿದ.

ಗೆದ್ದರು ಅನ್ನುವ ಮಾತನ್ನು ಮಕ್ಕಳು ಸರಿಯಾಗಿ ಕೇಳಿಸಿಕೊಳ್ಳಲಿ. ಗೆದ್ದ ದಂಡಿಗೆ ತಿನ್ನುವುದಕ್ಕಿರಲಿಲ್ಲ. ಕೋಟೆ ಕಣ್ಣೆದುರಿಗೇ ಇತ್ತು, ಅದನ್ನು ಒಡೆಯುವ ತೋಪನ್ನು ಎಳೆಯುವುದಕ್ಕೆ ಎತ್ತಿರಲಿಲ್ಲ. ಕೊಡಗಿನ ಮೇಲಿನಿಂದ ಇಳಿದು ಪಿರಿಯಾಪಟ್ಟಣದಲ್ಲಿ ಕಾಯುತ್ತಿದ್ದ ಅಬರ್‌ಕ್ರಾಂಬಿಯ ದಂಡನ್ನು ಕೂಡಿಕೊಳ್ಳಲು ಕಣ್ಣಂಬಾಡಿಯ ಕಡವಿಗೆ ಹೊರಟರು. ಇವತ್ತು ಕೃಷ್ಣರಾಜಸಾಗರದ ಕಟ್ಟೆ ಇರುವ ಜಾಗ. ಸಿಪಾಯಿಗಳೇ, ಬಿಳಿ ಸೋಲ್ಜರುಗಳೇ ಹಗ್ಗಕ್ಕೆ ಹೆಗಲು ಕೊಟ್ಟು ತೋಪು ಎಳೆದರು. ಬಿಳಿಯನೂ ಎತ್ತಾದ. ಮಳೆ ನಿಲ್ಲಲಿಲ್ಲ. ಸುತ್ತ ಮೈಲಿಗಟ್ಟಲೆ ಎತ್ತು ಕುದುರೆಗಳ ಹೆಣ, ವಾಸನೆ, ಕಾಯಿಲೆ. ಅಕ್ಕಿ ಇದ್ದವರು ಬಂಗಾರದ ಬೆಲೆಗೆ ಮಾರಿದರು. ಬೆನ್ನಿಗೆ ಬಂದಿದ್ದ ಬಡಪಾಯಿಗಳು ಸತ್ತ ಎತ್ತುಗಳ ಮಾಂಸ ತಿಂದು ಜೀವ ಹಿಡಿದರು.

ಇದನ್ನು ಬರೆದ ಇಂಗ್ಲಿಷ್ ಅಧಿಕಾರಿಗಳು ಭೀಕರ ಅನ್ನುತ್ತಾರೆ. ಭೀಕರವೇ. ಆದರೆ ನಮ್ಮ ಕೇರಿಗಳಲ್ಲಿ ಸತ್ತ ದನ ಹೊರುವುದು, ಅದರ ಬಾಡು ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಯಾವ ದಂಡಯಾತ್ರೆ ಕೆಟ್ಟದ್ದರಿಂದ ಬಂದದ್ದಲ್ಲ. ದಂಡಿಲ್ಲದ ಕಾಲದಲ್ಲೂ, ಸುಗ್ಗಿಯ ಕಾಲದಲ್ಲೂ ಅದು ಊರಿನ ಕಟ್ಟಲೆ. ಅಂಬೇಡ್ಕರರು 1927ರ ಮಾರ್ಚಿನಲ್ಲಿ ಮಹಾಡಿನಲ್ಲಿ ಜನ ಸೇರಿಸಿ ಸತ್ತ ದನದ ಮಾಂಸ ಬಿಡಿ ಅಂತ ಹೇಳಬೇಕಾಗಿ ಬಂತು. ಅಂದರೆ 1791ರ ಆ ಎರಡು ವಾರ ಲಾರ್ಡಿನ ದಂಡು ನಮ್ಮ ಕೇರಿಯ ಊಟ ಉಂಡಿತು. ಅದು ಚರಿತ್ರೆಯಾಯಿತು. ಕೇರಿಯವರು ಸಾವಿರ ವರ್ಷ ಉಂಡದ್ದು ಸಂಪ್ರದಾಯವಾಯಿತು.

ಮೇ 21ಕ್ಕೆ ಅಬರ್‌ಕ್ರಾಂಬಿಗೆ ಹಿಂದಿರುಗು ಅಂತ ಅಪ್ಪಣೆ ಹೋಯಿತು. 22ಕ್ಕೆ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ಒಡೆಸಿದ, ಬಂಡಿಗಳನ್ನು ಸುಡಿಸಿದ, ಗುಂಡುಗಳನ್ನು ಹೂಳಿಸಿದ. ಮದರಾಸಿನಿಂದ ಘಟ್ಟ ಹತ್ತಿಸಿ, ಅಷ್ಟು ಎತ್ತುಗಳ ಬೆನ್ನು ಮುರಿದು ತಂದದ್ದನ್ನು ಅವನೇ ಹಾಳು ಮಾಡಿದ. 26ಕ್ಕೆ ಬೆಂಗಳೂರಿನ ಕಡೆ ಹೊರಟ. ಹೊರಟ ದಿನವೇ ಮೇಲುಕೋಟೆಯ ದಿಕ್ಕಿನಲ್ಲಿ ಕುದುರೆ ದಂಡೊಂದು ಕಾಣಿಸಿತು. ಟಿಪ್ಪುವಿನವರೇ ಬಂದರು ಅಂತ ಬಂದೂಕು ಎತ್ತಿದರು. ಬಂದವರು ಮರಾಠರು, ಹರಿಪಂತ ಫಡಕೆ ಮತ್ತು ಪರಶುರಾಮ ಭಾವು, ಇವನ ನೆಂಟರೇ! ಅವರ ಬಜಾರಿನಲ್ಲಿ ಅಕ್ಕಿ ಬೇಳೆಯಿಂದ ಹಿಡಿದು ಕಾಶ್ಮೀರದ ಶಾಲು, ಬಿಲಾತಿ ಚಾಕುವಿನವರೆಗೆ ಎಲ್ಲವೂ ಇತ್ತು. ಹಸಿದವರಿಗೆ ಕೈಗೆಟುಕದ ಬೆಲೆಗೆ ಮಾರಿದರು. ನಾಲ್ಕು ದಿನ ಮುಂಚೆ ಇವರು ಬರುವುದು ಗೊತ್ತಾಗಿದ್ದರೆ ತೋಪು ಒಡೆಯಬೇಕಾಗಿರಲಿಲ್ಲ. ಗೊತ್ತಾಗಲಿಲ್ಲ, ಯಾಕೆಂದರೆ ಓಲೆ ತರುತ್ತಿದ್ದ ಹರಕಾರರನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿದಿದ್ದರು. ಓಲೆ ಹೊತ್ತ ಆ ಕಾಲಾಳುಗಳು ಏನಾದರು ಅಂತ ಯಾರೂ ಬರೆದಿಲ್ಲ.

ಈಗ ಆಸ್ಟ್ರೇಲಿಯಾಕ್ಕೆ ಹೋಗಬಹುದು. ಎಪ್ಪತ್ತು ವರ್ಷ ಆದ ಮೇಲೆ, 1860ರ ಆಗಸ್ಟ್ 20ಕ್ಕೆ ಮೆಲ್ಬರ್ನ್ ಪಟ್ಟಣದಿಂದ ಬರ್ಕ್ ಹೊರಟ. 19 ಜನ, 20ಕ್ಕೂ ಹೆಚ್ಚು ಒಂಟೆ, 20 ಟನ್ನಿನಷ್ಟು ಸಾಮಾನು. ಮರುಭೂಮಿಗೆ ಊಟದ ಮೇಜು ಕುರ್ಚಿ ಹೊತ್ತರು. ಒಂಟೆ ಎಲ್ಲಿಯವು? ನಮ್ಮ ಕಡೆಯವು. ಜಾರ್ಜ್ ಲ್ಯಾಂಡೆಲ್ಸ್ ಅನ್ನುವವನು ಕರಾಚಿಯಿಂದ ಹಡಗಿನಲ್ಲಿ ತುಂಬಿಕೊಂಡು ಹೋದ 24 ಒಂಟೆಗಳೇ ಅದರ ಬಲ. ಒಂಟೆ ನೋಡಿಕೊಳ್ಳಲು ಇಲ್ಲಿನವರೇ ನಾಲ್ವರು: ದೋಸ್ತ್ ಮಹಮ್ಮದ್, ಈಸಾ ಖಾನ್, ಬಲೂಚ್, ಸಾಮ್ಲಾ. ಈ ಸಾಮ್ಲಾ ಹಿಂದೂ. ದಂಡಿನಲ್ಲಿ ಕೊಡುತ್ತಿದ್ದ ಉಪ್ಪು ಮಾಂಸ ತಿನ್ನಲಾರದೆ ಕೆಲವೇ ದಿನದಲ್ಲಿ ಕೆಲಸ ಬಿಟ್ಟು ಹೊರಟುಹೋದ. ಬದುಕಿಕೊಂಡ ಅನ್ನಬೇಕು, ಆ ಯಾತ್ರೆಯಲ್ಲಿ ಒಟ್ಟು 7 ಜನ ಸತ್ತರು. ದೋಸ್ತ್ ಮಹಮ್ಮದನ ಮೇಲೆ ಒಂಟೆ ಎರಗಿ ಒಂದು ಕೈ ಕೆಲಸಕ್ಕೆ ಬಾರದಂತಾಯಿತು. ಆ ದೇಶದಲ್ಲೇ ಉಳಿದ, ಅಲ್ಲೇ ಸತ್ತ. ಮೆನಿಂಡಿ ಅನ್ನುವ ಊರ ಬಳಿ ಅವನ ಗೋರಿ ಇದೆ.

ಖಂಡದ ನಡುವೆ ಕೂಪರ್ ಹಳ್ಳದ ದಂಡೆಯಲ್ಲಿ ಒಂದು ಬಿಡಾರ ಇಟ್ಟು, ಬರ್ಕ್, ವಿಲ್ಸ್, ಕಿಂಗ್, ಗ್ರೇ ನಾಲ್ವರೇ 1860ರ ಡಿಸೆಂಬರ್ 16ಕ್ಕೆ ಉತ್ತರಕ್ಕೆ ನಡೆದರು. ಫೆಬ್ರವರಿಯಲ್ಲಿ ಕಡಲ ಹತ್ತಿರದ ಜವುಗಿಗೆ ಮುಟ್ಟಿದರು, ಕಡಲು ಕಾಣಲಿಲ್ಲ. ಬರುವಾಗ ಗ್ರೇ ಸತ್ತ. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಬಿಡಾರಕ್ಕೆ ತೆವಳಿ ಬಂದರೆ ಬಿಡಾರ ಖಾಲಿ. ನಾಲ್ಕು ತಿಂಗಳು ಕಾದವರು ಅವತ್ತು ಬೆಳಗ್ಗೆಯಷ್ಟೇ ಎದ್ದು ಹೋಗಿದ್ದರು. ಕಣ್ಣಂಬಾಡಿಯಲ್ಲಿ ನಾಲ್ಕು ದಿನ, ಇಲ್ಲಿ ಒಂದು ಹಗಲು. ಮಕ್ಕಳು ಇಲ್ಲಿ "ಅಯ್ಯೋ" ಅನ್ನುತ್ತಾರೆ. ಅನ್ನಲಿ. ನನಗೂ ಅಯ್ಯೋ ಅನ್ನಿಸುತ್ತದೆ. ಹಸಿದವನು ಬಿಳಿಯನಾದರೇನು.

ಆದರೆ ಆ ಹಳ್ಳದ ದಂಡೆ ಖಾಲಿ ಇರಲಿಲ್ಲ. ಯಂಡ್ರುವಂದ ಅನ್ನುವ ಜನ ಅಲ್ಲೇ ತಲೆತಲಾಂತರದಿಂದ ಬಾಳುತ್ತಿದ್ದರು. ನಾರ್ಡೂ ಅನ್ನುವ ಜಲಸಸ್ಯದ ಕಾಳನ್ನು ಹುರಿದು, ಅರೆದು, ನೀರಿನಲ್ಲಿ ತೊಳೆದು ಉಣ್ಣುವುದು ಅವರಿಗೆ ಗೊತ್ತಿತ್ತು. ಹದ ತಪ್ಪಿಸಿ ತಿಂದರೆ ಆ ಕಾಳು ಮೈಯೊಳಗಿನ ಬಿ–1 ಜೀವಸತ್ವವನ್ನೇ ಕೆಡಿಸುತ್ತದೆ. ಹೊಟ್ಟೆ ತುಂಬುತ್ತದೆ, ಕೈಕಾಲು ಸೋಲುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗಜ್ಜಿಯನ್ನು ಕೇಳಿ, ಕಾಡುಗೆಣಸಿನ ಹದ ಅಂದರೇನು ಅಂತ ಹೇಳುತ್ತಾಳೆ. ಬರ್ಕ್ ಮತ್ತು ವಿಲ್ಸ್ ಕಾಳು ನೋಡಿದರು, ಹದ ಕೇಳಲಿಲ್ಲ. ಜನ ಮೀನು ತಂದುಕೊಟ್ಟಾಗ ಬರ್ಕ್ ಅವರ ಕೈಯ ಮೀನಿನ ಬಲೆಯನ್ನು ಬಡಿದು ಕೆಡವಿದ, ತಲೆಯ ಮೇಲೆ ಗುಂಡು ಹಾರಿಸಿ ಓಡಿಸಿದ. ಇವರ ಹತ್ತಿರ ಋಣ ಬಿದ್ದರೆ ದೊರೆತನ ಕೆಡುತ್ತದೆ ಅನ್ನುವ ಭಯ. ಆ ಭಯ ನಮ್ಮ ಮಕ್ಕಳಿಗೆ ಹೊಸದಲ್ಲ. ನೀರು ಕೊಟ್ಟರೆ ಕುಡಿಯದವರನ್ನು ಅವರು ಊರಿನಲ್ಲಿ ನೋಡಿಯೇ ಬೆಂಗಳೂರಿಗೆ ಬಂದಿದ್ದಾರೆ. ಇಬ್ಬರೂ ಸತ್ತರು. ಮೂರನೆಯವನು, ಕಿಂಗ್, ಸಾಮಾನ್ಯ ಸಿಪಾಯಿ. ಹೋಗಿ ಆ ಜನರ ಗುಡಿಸಲ ಮುಂದೆ ಕೂತ. ಅವರು ಉಣ್ಣಲು ಕೊಟ್ಟರು, ಮಲಗಲು ಕೊಟ್ಟರು. ಸೆಪ್ಟೆಂಬರ್ 15ಕ್ಕೆ ಹುಡುಕಿ ಬಂದವರಿಗೆ ಅವನು ಜೀವಂತ ಸಿಕ್ಕಿದ. ಮೆಲ್ಬರ್ನಿನಲ್ಲಿ 1865ರಲ್ಲಿ ನಿಲ್ಲಿಸಿದ ವಿಗ್ರಹ ಮಾತ್ರ ಬರ್ಕನದು, ವಿಲ್ಸನದು.

ಮೀನು ಕೊಟ್ಟೋರು ಯಾರು ಸಾ ಅಂದಳಲ್ಲ, ಅವಳಿಗೆ ಕೊಡಬೇಕಾದ ಹೆಸರು ಇದು: ಯಂಡ್ರುವಂದ. ಹಲಗೆಯ ಮೇಲೆ ಬರೆಸಿ.

ಕಾರ್ನ್‌ವಾಲಿಸ್ ಮಾತ್ರ ಸಾಯಲಿಲ್ಲ, ಪಾಠ ಕಲಿತ. ಆ ಪಾಠ ನಮ್ಮವರಿಂದಲೇ ಕಲಿತದ್ದು. 1791ರ ಡಿಸೆಂಬರ್ 21ಕ್ಕೆ ಮಾಗಡಿಯ ಸಾವನದುರ್ಗ ಹಿಡಿದು, 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಾಗ ಅವನ ಬೆನ್ನಿಗೆ ಲಂಬಾಣಿಗಳ ತಾಂಡಗಳಿದ್ದವು. ಸಾವಿರ ಸಾವಿರ ಹೇರೆತ್ತು, ಬೆನ್ನಿನ ಎರಡೂ ಬದಿಗೆ ಧಾನ್ಯದ ಗೋಣಿ, ಮುಂದಿನ ಎತ್ತಿಗೆ ಗಂಟೆ, ಗಂಡಸರು ಹೆಂಗಸರು ಮಕ್ಕಳು ನಾಯಿ ಎಲ್ಲ ಜೊತೆ. ಈ ಜನ ಯಾವ ದೊರೆಯ ದಂಡಿಗಾದರೂ ಕಾಳು ಮಾರುವವರು, ಮೊಗಲರಿಗೂ ಮಾರಿದವರು, ಮರಾಠರಿಗೂ ಮಾರಿದವರು. ಯಾವ ಕಣಿವೆಯಲ್ಲಿ ಯಾವ ತಿಂಗಳು ಹುಲ್ಲಿರುತ್ತದೆ, ಯಾವ ಒರತೆ ಬತ್ತುವುದಿಲ್ಲ, ದಿನಕ್ಕೆ ಎಷ್ಟು ಮೈಲಿ ನಡೆಸಿದರೆ ಎತ್ತು ಬದುಕುತ್ತದೆ ಅನ್ನುವುದು ಅವರ ವಿದ್ಯೆ. ಮೇ ತಿಂಗಳಲ್ಲಿ ಸಾಲದೆ ಹೋದದ್ದು ಈ ವಿದ್ಯೆಯೇ. ಟಿಪ್ಪು ಸೋತ. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳು ಒತ್ತೆ ಹೋದರು. ಆ ಮಕ್ಕಳನ್ನು ಒಪ್ಪಿಸುವ ಚಿತ್ರ ಮದರಾಸಿನ ಕಾರ್ನ್‌ವಾಲಿಸ್ ವಿಗ್ರಹದ ಪೀಠದ ಮೇಲೆ ಕೆತ್ತಿದೆ. ಎತ್ತಿನ ಚಿತ್ರ ಇಲ್ಲ. ಮೂರು ಕೋಟಿ ಮೂವತ್ತು ಲಕ್ಷ ಯಾರ ಕಣದಿಂದ ಬಂತು ಅಂತ ಗಣಿತದ ಮೇಷ್ಟ್ರು ಬೇಕಾದರೆ ಮಕ್ಕಳಿಂದ ಲೆಕ್ಕ ಮಾಡಿಸಬಹುದು.

ಲಂಬಾಣಿಗಳಿಗೆ ಸಿಕ್ಕ ಬಕ್ಷೀಸು ಇಷ್ಟು: ರಸ್ತೆಯಾಯಿತು, ರೈಲು ಬಂತು, ಹೇರೆತ್ತಿನ ಬಾಳು ಮುಗಿಯಿತು. 1871ರಲ್ಲಿ ಕಂಪನಿಯ ವಾರಸುದಾರ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿತು. ಆ ಕಾಯಿದೆ ಮುಂದೆ ಹಬ್ಬಿದಂತೆಲ್ಲ, ಉಪ್ಪು ಹೊತ್ತ ಕೊರಚರನ್ನೂ ಕಾಳು ಹೊತ್ತ ಲಂಬಾಣಿಗಳನ್ನೂ ಹಲವು ಸೀಮೆಗಳಲ್ಲಿ ಹುಟ್ಟಾ ಕಳ್ಳರು ಅಂತ ಪಟ್ಟಿಗೆ ಹಾಕಿದರು. ನಾಡಿನ ಎಲ್ಲ ದಾರಿ ಬಲ್ಲವನು ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಾಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ನಕ್ಷೆಯೂ ಆಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯತೊಡಗಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಸುಮಾರು 7.4 ಮೈಲಿ ಅಳೆದ. ಇಡೀ ಇಂಡಿಯಾದ ನಕ್ಷೆಗೆ ದಾರಿ ಮಾಡಿದ ಅಳತೆ ಅದು. ಒಳ್ಳೆಯ ಕೆಲಸ, ಅಚ್ಚರಿಯ ಕೆಲಸ, ಅಲ್ಲಗಳೆಯುವ ಕಾರಣವಿಲ್ಲ. ಆ ಸರಪಳಿಯನ್ನು ಇಷ್ಟಿಷ್ಟೇ ಎತ್ತಿ ಮುಂದಕ್ಕೆ ಇಟ್ಟು, ಬಾವುಟ ಹಿಡಿದು ಬಿಸಿಲಲ್ಲಿ ನಿಂತವರ ಹೆಸರು ಮಾತ್ರ ನಕ್ಷೆಯ ಮೂಲೆಯಲ್ಲಿ ಇಲ್ಲ. ಕುಳವಾಡಿಯ ತಲೆಯಿಂದ ಎಲ್ಲೆ ಇಳಿದು ಕಾಗದಕ್ಕೆ ಹೋಯಿತು, ಕಾಗದ ಕಚೇರಿಗೆ ಹೋಯಿತು. ಕಚೇರಿಯಲ್ಲಿ ಅವನಿಗೆ ಪಾವಟಿಗೆಯ ಕೆಳಗೆ ಜಾಗ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ರಜೆ ಬಂದಾಗ ಆ ಮಕ್ಕಳನ್ನು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಿಸಿ ಅರಕೆರೆಗೆ ಕರಕೊಂಡು ಹೋಗಿ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿದೆ, ಭತ್ತ ಕಬ್ಬಿನ ಹಸಿರು ಊರು. ಕೋಟೆ, ಗುಂಬಜ್ ಆಮೇಲೆ ನೋಡಿಸಿದರಾಯಿತು. ಮೊದಲು ಕೇರಿಗೆ ಹೋಗಿ ಮುದುಕರನ್ನು ಕೂರಿಸಿಕೊಂಡು ಹೊಲಗಳ ಹೆಸರು ಕೇಳಲಿ. ಯಾವ ಹೊಲಕ್ಕೆ ಏನು ಹೆಸರು, ಯಾಕೆ ಬಂತು, ಎಲ್ಲೆ ಯಾವ ಮರದಿಂದ ಯಾವ ಕಲ್ಲಿಗೆ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಳ್ಳಲಿ. ಮಳವಳ್ಳಿಯ ಆ ಹುಡುಗಿಗೆ ಪೆನ್ಸಿಲ್ ಕೊಡಿ ಅಂದೆ. ಅವಳು ಆಗಲೇ ತನ್ನ ಊರಿನದು ಬರೆದಿದ್ದಾಳೆ ಅಂದರು. ಕೇರಿಯನ್ನು ಹಾಳೆಯ ನಡುವೆ ಇಟ್ಟು, ಊರನ್ನು ಅಂಚಿಗೆ ತಳ್ಳಿದ್ದಾಳಂತೆ.